ಪೊರಕೆ, ಕೀರ್ತನೆ, ಬೆಕ್ಕು: ಸಿಡೋನಿಯಾಳನ್ನು ಮಾಟಗಾತಿ ಎಂದು ಸಾಬೀತು ಮಾಡಿದ್ದು ಹೇಗೆ?

ಅಡುಗೆಮನೆಯ ಮೇಜಿನ ಕೆಳಗೆ ಪೊರಕೆಗಳನ್ನು ಅಡ್ಡಡ್ಡ ಇಟ್ಟಿದ್ದಳು. ಬೈಬಲ್ಲಿನ 109ನೇ ಕೀರ್ತನೆಯನ್ನು ಹೇಳಿಕೊಳ್ಳುತ್ತಿದ್ದಳು. ಆಕೆಯ ಜೊತೆ ಬೆಕ್ಕಿನ ರೂಪದ ಒಂದು ದೆವ್ವ ಇತ್ತು, ಅದರ ಹೆಸರು ಚಿಮ್. ನಾಡಿನ ದೊರೆ, ಒಬ್ಬ ಪಾದ್ರಿ, ಸ್ವಂತ ಸೋದರನ ಮಗ, ಇವರೆಲ್ಲ ಸತ್ತಿದ್ದು ಆಕೆಯ ಮಾಟದಿಂದ.

ಇವೆಲ್ಲ ಒಂದೇ ಆರೋಪಪಟ್ಟಿಯಲ್ಲಿದ್ದ ಮಾತುಗಳು. ಪಟ್ಟಿಯಲ್ಲಿ ಒಟ್ಟು 72 ಆರೋಪಗಳಿದ್ದವು. ಆರೋಪಿಯ ವಯಸ್ಸೂ ಹೆಚ್ಚುಕಡಿಮೆ 72. ಹೆಸರು ಸಿಡೋನಿಯಾ ಫಾನ್ ಬೋರ್ಕೆ. ಬಾಲ್ಟಿಕ್ ಸಮುದ್ರದ ದಡದ ಪೊಮರೇನಿಯಾ ನಾಡಿನ ಬಲು ದೊಡ್ಡ ಜಹಗೀರುದಾರ ಮನೆತನದ ಹೆಣ್ಣುಮಗಳು. 1620ರಲ್ಲಿ ಸ್ಟೆಟಿನ್ ನಗರದ ಹೊರಗೆ ಆಕೆಯ ತಲೆ ಕಡಿದು ದೇಹವನ್ನು ಸುಟ್ಟರು. ಆ ನಗರ ಈಗ ಪೋಲೆಂಡಿನಲ್ಲಿದೆ, ಇವತ್ತಿನ ಹೆಸರು ಶ್ಚೆಚಿನ್.

ಮಾಟಗಾತಿಯರನ್ನು ಸುಟ್ಟ ಕತೆ ಬಂದಾಗ ನಮ್ಮ ಕಣ್ಣಿಗೆ ಒಂದು ಚಿತ್ರ ಬರುತ್ತದೆ. ಹುಚ್ಚೆದ್ದ ಜನಜಂಗುಳಿ, ಕೈಯಲ್ಲಿ ಪಂಜು, ಯಾರನ್ನೋ ಎಳೆದುಕೊಂಡು ಹೋಗುವುದು. ಸಿಡೋನಿಯಾಳ ವಿಷಯದಲ್ಲಿ ಹೀಗೆ ಏನೂ ಆಗಲಿಲ್ಲ. ಆಕೆಗೆ ವಕೀಲರಿದ್ದರು. 50ಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಬರೆದುಕೊಂಡರು. ಕಡತ ಬೇರೆ ಊರಿನ ಕಾನೂನು ಪಂಡಿತರ ಹತ್ತಿರ ಹೋಗಿಬಂತು. ಕೇಸು ಒಂದು ವರ್ಷ ನಡೆಯಿತು. ಎಲ್ಲವೂ ರೂಲ್ಸ್ ಪ್ರಕಾರವೇ ಆಯಿತು. ನನ್ನನ್ನು ಕಾಡುವುದು ಇದೇ. ಜನ ರೊಚ್ಚಿಗೆದ್ದು ಮಾಡಿದ ಕೆಲಸ ಆಗಿದ್ದರೆ ಅರ್ಥ ಮಾಡಿಕೊಳ್ಳುವುದು ಸುಲಭ ಇತ್ತು. ಓದಿದವರು, ಕಾನೂನು ಬಲ್ಲವರು, ದೇವರಿಗೆ ಹೆದರುವವರು ಸೇರಿ, ಕಾಗದಪತ್ರ ಸರಿಯಾಗಿ ಇಟ್ಟುಕೊಂಡು ಹೀಗೆ ಮಾಡಿದ್ದು ಹೇಗೆ? ಅದನ್ನೇ ಇಲ್ಲಿ ಬಿಡಿಸಿ ನೋಡೋಣ.

ಜೀವನಾಂಶ ಕೇಳಿದವಳು

ಸಿಡೋನಿಯಾ ಹುಟ್ಟಿದ್ದು 1548ರಲ್ಲಿ, ಸ್ಟ್ರಾಮೇಲ್ ಎಂಬಲ್ಲಿ. ತಂದೆ ಒಟ್ಟೊ 1551ರಲ್ಲಿ ತೀರಿಕೊಂಡ. ಆಗ ಮಗುವಿಗೆ ಮೂರು ವರ್ಷ. ತಾಯಿ ಆನ್ನಾ 1568ರಲ್ಲಿ ಹೋದಳು. ಉಳಿದವರು ಸಿಡೋನಿಯಾ, ಸೋದರಿ ಡೊರೊಥೆಯಾ, ಸೋದರ ಉಲ್ರಿಕ್. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಲಿಲ್ಲ.

ಅಲ್ಲಿಂದ ತೊಂದರೆ ಶುರು. ಆ ಕಾಲದಲ್ಲಿ ಜಹಗೀರು ಗಂಡುಮಕ್ಕಳಿಗೆ. ಹೆಣ್ಣಿಗೆ ಸಿಗುತ್ತಿದ್ದುದು ಮದುವೆಯಾದರೆ ವರದಕ್ಷಿಣೆ, ಇಲ್ಲವಾದರೆ ಸೋದರ ಕೊಡಬೇಕಾದ ಜೀವನಾಂಶ. ಅವನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥ ಕಡೆ ಹೆಚ್ಚಿನ ಹೆಂಗಸರು ಕೊಟ್ಟಷ್ಟು ತಗೊಂಡು ಸುಮ್ನೆ ಇರುತ್ತಿದ್ದರು. ಸಿಡೋನಿಯಾ ಸುಮ್ಮನಿರಲಿಲ್ಲ. ಸೋದರನ ಮೇಲೆ ದಾವೆ ಹೂಡಿದಳು. ಆ ವ್ಯಾಜ್ಯ ಮೇಲೆ ಮೇಲೆ ಹೋಗಿ ವಿಯೆನ್ನಾದಲ್ಲಿದ್ದ ಚಕ್ರವರ್ತಿಯ ನ್ಯಾಯಾಲಯದ ಮೆಟ್ಟಿಲೂ ಹತ್ತಿತು. ತವರಿನ ಹಕ್ಕಿಗಾಗಿ ಕೋರ್ಟಿಗೆ ಹೋದ ಹೆಣ್ಣಿನ ಬಗ್ಗೆ ಊರು ಏನು ಮಾತಾಡುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಜಗಳಗಂಟಿ ಎಂಬ ಹೆಸರು ಅಂಟಿಕೊಂಡಿತು. ಜೀವ ಇರುವ ತನಕ ಅದು ಬಿಡಲಿಲ್ಲ.

1600ರ ಹೊತ್ತಿಗೆ ಸೋದರಿಯೂ ತೀರಿಕೊಂಡಳು. ನಾಲ್ಕು ವರ್ಷ ಅಲ್ಲಿ ಇಲ್ಲಿ ಕಳೆದ ಸಿಡೋನಿಯಾ 1604ರಲ್ಲಿ ಮಾರಿಯೆನ್‌ಫ್ಲೀಸ್ ಎಂಬ ಮಠ ಸೇರಿದಳು. ಇದು 1248ರಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರಿಗಾಗಿ ಕಟ್ಟಿದ ಜಾಗ. 1534ರಲ್ಲಿ ಪೊಮರೇನಿಯಾ ಮಾರ್ಟಿನ್ ಲೂಥರನ ಪ್ರಾಟೆಸ್ಟಂಟ್ ಪಂಥಕ್ಕೆ ಬಂದ ಮೇಲೆ ಸನ್ಯಾಸಿನಿಯರ ಕಾಲ ಮುಗಿಯಿತು. ಕಟ್ಟಡ, ಜಮೀನು ಉಳಿದವು. ಮದುವೆಯಾಗದ ದೊಡ್ಡ ಮನೆತನದ ಹೆಣ್ಣುಮಕ್ಕಳು ಗೌರವವಾಗಿ ಬಾಳಲಿ ಎಂದು ಅದನ್ನೇ ಒಂದು ಆಶ್ರಮ ಮಾಡಿದರು. ಬೇರೆ ಎಲ್ಲೂ ಹೋಗಲು ದಾರಿಯಿಲ್ಲದ ಹತ್ತಾರು ಹೆಂಗಸರು ಒಂದೇ ಅಂಗಳದಲ್ಲಿ, ಒಂದೇ ಆದಾಯ ಹಂಚಿಕೊಂಡು, ವರ್ಷಗಟ್ಟಲೆ. ಅಲ್ಲಿ ಜಗಳ ಆಗದೇ ಇರುತ್ತದಾ?

ಆಯಿತು. 1606ರಲ್ಲಿ ಮುಖ್ಯಸ್ಥೆ ಮಾಗ್ಡಲೇನಾ ಫಾನ್ ಪೆಟರ್ಸ್‌ಡಾರ್ಫ್ ಜೊತೆ ಸಿಡೋನಿಯಾಳಿಗೆ ಬಿರುಸಾದ ತಕರಾರಾಯಿತು. ಸಿಡೋನಿಯಾ ನೇರವಾಗಿ ನಾಡಿನ ದೊರೆಯಾದ ಡ್ಯೂಕ್‌ಗೆ ದೂರು ಕೊಟ್ಟಳು. ವಿಚಾರಿಸಲು ಡ್ಯೂಕ್ ಒಂದು ನಿಯೋಗ ಕಳಿಸಿದ. ನಿಯೋಗದ ಮುಖಂಡ ಯೋವಾಕಿಮ್ ಫಾನ್ ವೇಡಲ್‌ಗೆ ಈಕೆಯೇ ತಲೆನೋವಾಗಿ ಕಂಡಳು. ಆಮೇಲೂ ದೂರು, ಮರುದೂರು ನಿಲ್ಲಲಿಲ್ಲ. ಮುಖ್ಯಸ್ಥೆ ಬದಲಾದಳು, ಡ್ಯೂಕ್ ಬದಲಾದ, ಅಧಿಕಾರಿಗಳು ಬದಲಾದರು. ಸಿಡೋನಿಯಾ ಮಾತ್ರ ಅದೇ ಸಿಡೋನಿಯಾ. ಆಕೆಯನ್ನು ಸಾಧ್ವಿ ಮಾಡಲು ನಾನು ಹೊರಟಿಲ್ಲ. ಆಕೆಯ ಜೊತೆ ಒಂದೇ ಸೂರಿನಡಿ ಬಾಳುವುದು ನಿಜಕ್ಕೂ ಕಷ್ಟವೇ ಇದ್ದಿರಬೇಕು. ಆದರೆ ಆಕೆ ಕೈಗೆತ್ತಿಕೊಂಡಿದ್ದು ಅರ್ಜಿಗಳನ್ನು. ಇದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

1618ರಲ್ಲಿ ಡ್ಯೂಕ್ ಎರಡನೇ ಫಿಲಿಪ್ ತೀರಿಕೊಂಡ. ಅವನ ತಮ್ಮ ಫ್ರಾನ್ಸ್ ಪಟ್ಟಕ್ಕೆ ಬಂದ. ಮಠದ ಜಗಳ ಬಗೆಹರಿಸುವ ಕೆಲಸ ಯೋಸ್ಟ್ ಫಾನ್ ಬೋರ್ಕೆ ಎಂಬ ಅಧಿಕಾರಿಗೆ ವಹಿಸಿದ್ದರು. ಅವನು ಸಿಡೋನಿಯಾಳ ನೆಂಟ. ಹಿಂದೆ ಒಂದು ವ್ಯಾಜ್ಯದಲ್ಲಿ ಆಕೆಯಿಂದ ಮುಖಭಂಗ ಆಗಿದ್ದವನು. 1619ರ ಜುಲೈನಲ್ಲಿ ಮಠದ ಪ್ರಾರ್ಥನೆಯ ಹೊತ್ತಲ್ಲೇ ಸಿಡೋನಿಯಾಳಿಗೂ ಉಪಮುಖ್ಯಸ್ಥೆ ಡೊರೊಥೆಯಾ ಫಾನ್ ಸ್ಟೆಟಿನ್‌ಗೂ ಜೋರು ಜಗಳ ಹತ್ತಿತು. ಇಬ್ಬರನ್ನೂ ಹಿಡಿದು ಕೂಡಿಹಾಕಿದರು. ಡೊರೊಥೆಯಾ ಆಗ ಬಾಯಿಬಿಟ್ಟ ಒಂದು ಮಾತು ಕೇಸಿನ ದಿಕ್ಕನ್ನೇ ಬದಲಿಸಿತು. ಸಿಡೋನಿಯಾ ಒಬ್ಬ ಕಣಿ ಹೇಳುವವಳ ಮೂಲಕ ಸೈತಾನನನ್ನು ಮಾತಾಡಿಸಿದ್ದಾಳೆ ಅಂದಳು.

ಎರಡು ಭಯ ಸೇರಿ ಒಂದಾದ ಕತೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಮಾಟಗಾತಿ ಅನ್ನುವ ಪದ ಬಳಸುತ್ತಿದ್ದೇನೆ. ಬೇರೆ ಪದ ನಮ್ಮಲ್ಲಿಲ್ಲ. ಆದರೆ ಅದು ಪೂರ್ತಿ ಹೊಂದುವುದಿಲ್ಲ. ಕನ್ನಡದಲ್ಲಿ ಮಾಟ ಅಂದರೆ ಇನ್ನೊಬ್ಬರಿಗೆ ಕೆಡುಕು ಮಾಡುವ ತಂತ್ರ. ಹಾಲು ಬತ್ತಿತು, ಮಗು ಸೊರಗಿತು, ಯಾರೋ ಏನೋ ಮಾಡಿಸಿದ್ದಾರೆ. ಯುರೋಪಿನ ಹಳ್ಳಿಗಳಲ್ಲೂ ಈ ಭಯ ಸಾವಿರಾರು ವರ್ಷಗಳಿಂದ ಇತ್ತು. ಜನ ಅದಕ್ಕೆ ಪ್ರತಿತಂತ್ರ ಮಾಡಿಸುತ್ತಿದ್ದರು, ಬೈದಾಡುತ್ತಿದ್ದರು, ಒಮ್ಮೊಮ್ಮೆ ಹೊಡೆದಾಡುತ್ತಿದ್ದರು. ಇಷ್ಟೇ ಆಗಿದ್ದರೆ ಸಾವಿರಾರು ಜನರನ್ನು ಸುಡುವ ಮಟ್ಟಕ್ಕೆ ಹೋಗುತ್ತಿರಲಿಲ್ಲ.

15ನೇ ಶತಮಾನದಲ್ಲಿ ಇದರ ಮೇಲೆ ಇನ್ನೊಂದು ಭಯ ಬಂದು ಕೂತಿತು. ಅದು ಓದಿದವರ ಭಯ. ಪಾದ್ರಿಗಳು, ಪಂಡಿತರು ಹೇಳತೊಡಗಿದರು: ಯಾರಿಗೂ ಸುಮ್ಮನೆ ಮಾಟದ ಶಕ್ತಿ ಬರುವುದಿಲ್ಲ, ಸೈತಾನನ ಜೊತೆ ಕರಾರು ಮಾಡಿಕೊಂಡವರಿಗೆ ಮಾತ್ರ ಬರುತ್ತದೆ. ಕರಾರಿಗೆ ರುಜುವಾತು ಅವನ ಜೊತೆ ಮಲಗುವುದು. ಆಮೇಲೆ ರಾತ್ರಿ ಹಾರಿಹೋಗಿ ತಮ್ಮಂಥವರ ಗುಪ್ತ ಸಭೆ ಸೇರುವುದು. 1486ರಲ್ಲಿ ಹೈನ್ರಿಕ್ ಕ್ರಾಮರ್ ಎಂಬ ಧಾರ್ಮಿಕ ವಿಚಾರಣಾಧಿಕಾರಿ ಇದನ್ನೆಲ್ಲ ಒಂದು ಪುಸ್ತಕವಾಗಿ ಬರೆದ. ಮುದ್ರಣಯಂತ್ರ ಅದನ್ನು ಊರೂರಿಗೆ ಮುಟ್ಟಿಸಿತು.

ಈ ಎರಡು ಭಯ ಸೇರಿದಾಗ ಆದ ಬದಲಾವಣೆ ಗಮನಿಸಿ. ಮಾಟ ಅನ್ನುವುದು ಅಕ್ಕಪಕ್ಕದವರ ಜಗಳ ಆಗಿದ್ದಾಗ ಒಬ್ಬಳ ಮೇಲೆ ಆರೋಪ, ಅಲ್ಲಿಗೆ ಮುಗಿಯಿತು. ಅದು ಸೈತಾನನ ಸಂಚು ಆದ ಮೇಲೆ ಒಬ್ಬಳೇ ಇರಲು ಸಾಧ್ಯವೇ ಇಲ್ಲ. ಗುಪ್ತ ಸಭೆ ಅಂದ ಮೇಲೆ ಅಲ್ಲಿ ಇನ್ನೂ ಹಲವರು ಇರಬೇಕು. ಹಾಗಾಗಿ ಸಿಕ್ಕಿಬಿದ್ದ ಪ್ರತಿಯೊಬ್ಬಳನ್ನೂ ಕೇಳುತ್ತಿದ್ದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಅಲ್ಲಿ ಇನ್ಯಾರಿದ್ದರು, ಹೆಸರು ಹೇಳು.

ಇದು ಮಧ್ಯಯುಗದ ಕತ್ತಲ ಕತೆ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ಈ ಬೇಟೆ ಜೋರಾಗಿದ್ದು ಸುಮಾರು 1560ರಿಂದ 1650ರ ನಡುವೆ. ಗೆಲಿಲಿಯೊ ದೂರದರ್ಶಕದಲ್ಲಿ ಗುರುವಿನ ಉಪಗ್ರಹಗಳನ್ನು ಕಂಡ ಕಾಲ ಅದು. ಯುರೋಪಿನಲ್ಲಿ ಒಟ್ಟು 40,000ದಿಂದ 60,000 ಜನರನ್ನು ಮಾಟದ ಆರೋಪದಲ್ಲಿ ಕೊಂದರು ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಅದರಲ್ಲಿ ಹತ್ತಿರಹತ್ತಿರ ಅರ್ಧ ಜರ್ಮನ್ ಮಾತಾಡುವ ನಾಡುಗಳಲ್ಲೇ. ಸತ್ತವರಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ಕ್ಯಾಥೊಲಿಕರೂ ಸುಟ್ಟರು, ಪ್ರಾಟೆಸ್ಟಂಟರೂ ಸುಟ್ಟರು.

ಕಾನೂನು ಒಳ್ಳೆಯದೇ ಇತ್ತು

ಈಗ ಬರುವುದು ಎಲ್ಲಕ್ಕಿಂತ ಮುಖ್ಯವಾದ ಭಾಗ. ನಿಧಾನವಾಗಿ ಓದಿ.

ಪೊಮರೇನಿಯಾ ಪವಿತ್ರ ರೋಮನ್ ಸಾಮ್ರಾಜ್ಯ ಎಂಬ ದೊಡ್ಡ ಒಕ್ಕೂಟದ ಭಾಗ. 1532ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಇಡೀ ಸಾಮ್ರಾಜ್ಯಕ್ಕೆ ಒಂದು ದಂಡಸಂಹಿತೆ ತಂದ. ಅವನ ಹೆಸರಿನಿಂದಲೇ ಅದಕ್ಕೆ ಕರೊಲಿನಾ ಅಂತ ಕರೆಯುತ್ತಾರೆ. ಹಳೇ ಕಾಲದ ಬೆಂಕಿ ಪರೀಕ್ಷೆ, ನೀರು ಪರೀಕ್ಷೆಗಳ ಮುಂದೆ ಇದು ತುಂಬಾ ವಿವೇಕದ ಕಾನೂನು. ಬರೀ ಗುಮಾನಿಯ ಮೇಲೆ ಯಾರಿಗೂ ಮರಣದಂಡನೆ ಕೊಡುವಂತಿಲ್ಲ. ಕಣ್ಣಾರೆ ಕಂಡ ಇಬ್ಬರು ನಂಬಬಹುದಾದ ಸಾಕ್ಷಿಗಳು ಬೇಕು. ಇಲ್ಲದಿದ್ದರೆ ಆರೋಪಿಯೇ ತಪ್ಪೊಪ್ಪಿಕೊಳ್ಳಬೇಕು. ಎಷ್ಟು ಚೆನ್ನಾಗಿದೆ, ಅಲ್ವಾ?

ಕಳ್ಳತನಕ್ಕೆ, ಕೊಲೆಗೆ ಇದು ಸರಿ. ಮಾಟಕ್ಕೆ? ಸೈತಾನನ ಜೊತೆ ಕರಾರು ಮಾಡುವಾಗ ಇಬ್ಬರು ಸಾಕ್ಷಿಗಳು ಪಕ್ಕದಲ್ಲಿ ನಿಂತಿರುತ್ತಾರಾ? ಹಾಗಾಗಿ ಉಳಿಯುವುದು ಒಂದೇ ದಾರಿ, ತಪ್ಪೊಪ್ಪಿಗೆ. ತಾನಾಗಿ ಒಪ್ಪದಿದ್ದರೆ ಒಪ್ಪಿಸಬೇಕು. ತಕ್ಕಷ್ಟು ಸುಳಿವುಗಳಿದ್ದರೆ ಚಿತ್ರಹಿಂಸೆ ಕೊಡಬಹುದು ಎಂದು ಅದೇ ಕಾನೂನು ಹೇಳುತ್ತದೆ. ನಿರಪರಾಧಿ ಸಾಯದಿರಲಿ ಎಂದು ಸಾಬೀತಿನ ಮಟ್ಟವನ್ನು ಮೇಲೆ ಇಟ್ಟರು. ಆ ಎತ್ತರಕ್ಕೆ ಹತ್ತಲು ಚಿತ್ರಹಿಂಸೆಯ ಏಣಿಯನ್ನೂ ಪಕ್ಕದಲ್ಲೇ ಇಟ್ಟರು.

ಇನ್ನೊಂದು ಕಾವಲೂ ಇತ್ತು. ಹಿಂಸೆಯ ಹೊತ್ತಲ್ಲಿ ಹೇಳಿದ್ದನ್ನು ಆಮೇಲೆ, ನೋವಿಲ್ಲದಾಗ, ಮತ್ತೊಮ್ಮೆ ಒಪ್ಪಿಕೊಳ್ಳಬೇಕು. ಆಗಲೇ ಅದಕ್ಕೆ ಬೆಲೆ. ಆದರೆ ಹಿಂತೆಗೆದುಕೊಂಡರೆ ಏನು? ಮತ್ತೆ ಚಿತ್ರಹಿಂಸೆ. ಈ ಸುತ್ತಿನಲ್ಲಿ ಸಿಕ್ಕಿದ ಮನುಷ್ಯ ಎಲ್ಲಿಂದ ಹೊರಗೆ ಬರಬೇಕು?

ಮಾಟವನ್ನು ಪಂಡಿತರು ವಿಶೇಷ ಅಪರಾಧ ಎಂದು ಕರೆದಿದ್ದರಿಂದ ಇನ್ನಷ್ಟು ಹಾಳಾಯಿತು. ಇದು ಅಷ್ಟು ಘೋರ, ಅಷ್ಟು ಗುಟ್ಟಿನದು, ಆದ್ದರಿಂದ ಮಾಮೂಲಿ ನಿಯಮ ಸಡಿಲಿಸಬಹುದು ಅಂದರು. ದೊಡ್ಡ ಮನೆತನದವರಿಗೆ ಇದ್ದ ರಕ್ಷಣೆಯೂ ಇಲ್ಲಿ ಕರಗಿತು.

ಮೊದಲು ಬಡವಿ

ಡೊರೊಥೆಯಾ ಹೇಳಿದ ಕಣಿಯವಳ ಹೆಸರು ವೋಲ್ಡೆ ಆಲ್ಬ್ರೆಕ್ಟ್ಸ್. ಹಿಂದೆ ಮಠದಲ್ಲಿ ಕೆಲಸಕ್ಕಿದ್ದವಳು. ಹರೆಯದಲ್ಲಿ ಅಲೆಮಾರಿ ರೋಮಾ ಜನರ ಜೊತೆ ಊರೂರು ತಿರುಗಿದ್ದಳಂತೆ. ಈಗ ಕಣಿ ಹೇಳಿ, ಭಿಕ್ಷೆ ಬೇಡಿ ಹೊಟ್ಟೆ ಹೊರೆಯುತ್ತಿದ್ದಳು. ಮಠದ ಹೆಂಗಸರಿಗೆಲ್ಲ ಗೊತ್ತಿದ್ದವಳೇ. ಆಕೆಯಿಂದ ಕಣಿ ಕೇಳಿದ್ದು ಹೌದು ಎಂದು ಸಿಡೋನಿಯಾ ಮುಚ್ಚಿಡದೆ ಹೇಳಿದಳು.

ಜುಲೈ ಕೊನೆಯಲ್ಲಿ ವೋಲ್ಡೆಯನ್ನು ಹಿಡಿದರು. ಸೆಪ್ಟೆಂಬರ್ ಮೊದಲಲ್ಲಿ ಚಿತ್ರಹಿಂಸೆ. ಅಲ್ಲಿ ಆಕೆ ಎಲ್ಲ ಒಪ್ಪಿಕೊಂಡಳು. ಸೈತಾನನ ಸಂಗ ಹೌದು, ಮಾಟ ಹೌದು. ಇನ್ಯಾರು ಅಂದಾಗ ಸಿಡೋನಿಯಾಳ ಹೆಸರು ಹೇಳಿದಳು, ಜೊತೆಗೆ ಇನ್ನಿಬ್ಬರ ಹೆಸರು. ಅಕ್ಟೋಬರ್ ಮೊದಲಲ್ಲಿ ಆಕೆಯನ್ನೂ ಸಿಡೋನಿಯಾಳನ್ನೂ ಎದುರುಬದುರು ನಿಲ್ಲಿಸಿದಾಗ ಅದನ್ನೇ ಮತ್ತೆ ಹೇಳಿದಳು. ಅದಾಗಿ ಕೆಲವೇ ದಿನಕ್ಕೆ ಆಕೆಯನ್ನು ಸುಟ್ಟರು. ಹಿಡಿದಲ್ಲಿಂದ ಸುಟ್ಟಲ್ಲಿಗೆ ಎರಡೂವರೆ ತಿಂಗಳೂ ಆಗಿರಲಿಲ್ಲ.

ಕ್ರಮ ನೋಡಿ. ದೊಡ್ಡ ಮನೆತನದ ಹೆಣ್ಣನ್ನು ನೇರವಾಗಿ ಮುಟ್ಟುವುದು ಕಷ್ಟ. ಬೆನ್ನಿಗೆ ಯಾರೂ ಇಲ್ಲದವಳನ್ನು ಮುಟ್ಟುವುದು ಸುಲಭ. ಆಕೆಯ ಬಾಯಿಂದ ಬಂದ ಹೆಸರು ದೊಡ್ಡವಳ ಮೇಲೆ ಕೇಸು ಹೂಡಲು ಬೇಕಾದ ಸುಳಿವಾಯಿತು. ಆಕೆ ಸತ್ತ ಮೇಲೆ ಆ ಮಾತನ್ನು ಹಿಂದೆ ತೆಗೆದುಕೊಳ್ಳುವವರೂ ಯಾರಿಲ್ಲ.

ಪಟ್ಟಿಯನ್ನು ಹತ್ತಿರದಿಂದ ನೋಡಿದರೆ

ನವೆಂಬರ್‌ನಲ್ಲಿ ಸಿಡೋನಿಯಾಳನ್ನು ಸ್ಟೆಟಿನ್‌ಗೆ ತಂದರು. 72 ಆರೋಪ ಹೊರಿಸಿದ್ದನ್ನು ಆಗಲೇ ಹೇಳಿದೆ. ಆಕೆ ಕೊಂದಳು ಅನ್ನಲಾದವರ ಹೆಸರುಗಳನ್ನು ಒಂದು ಸಾಲಿನಲ್ಲಿ ಇಟ್ಟು ನೋಡಿದಾಗ ನನಗೆ ವಿಷಯ ಥಟ್ಟನೆ ಹೊಳೆಯಿತು. ಮಠದ ಹಿಂದಿನ ಮುಖ್ಯಸ್ಥೆ ಮಾಗ್ಡಲೇನಾ. ಪಾದ್ರಿ ಡೇವಿಡ್ ಲ್ಯೂಡೆಕೆ. ಸೋದರನ ಮಗ ಒಟ್ಟೊ. ಡ್ಯೂಕ್ ಫಿಲಿಪ್. ಅಧಿಕಾರಿ ಡಾಕ್ಟರ್ ಹೈನ್ರಿಕ್ ಶ್ವಾಲೆನ್‌ಬರ್ಗ್. ಇದು ಆಕೆಯ ಮಠ, ಮನೆತನ, ವ್ಯಾಜ್ಯಗಳ ಸುತ್ತಲಿನ ಜನರ ಪಟ್ಟಿ. ದೂರು, ದಾವೆ, ಅರ್ಜಿ, ಮರುಅರ್ಜಿ, ಇವುಗಳ ನಡುವೆ ಆಕೆಗೆ ಎದುರಾದವರಲ್ಲಿ 15 ವರ್ಷದಲ್ಲಿ ಕೆಲವರಾದರೂ ಸಾಯುತ್ತಾರೆ. ನಿಮ್ಮ ಪರಿಚಯದವರನ್ನೇ ಎಣಿಸಿ ನೋಡಿ, ಅಷ್ಟು ವರ್ಷದಲ್ಲಿ ಎಷ್ಟು ಜನ ಹೋಗಿರುತ್ತಾರೆ. ಜಗಳ ಜಾಸ್ತಿ ಇದ್ದವಳ ಸುತ್ತ ಸಾವುಗಳೂ ಜಾಸ್ತಿ ಕಾಣುತ್ತವೆ. ಪ್ರತಿ ಸಾವಿಗೂ ಒಂದು ಹಗೆ ಮೊದಲೇ ಕಡತದಲ್ಲಿ ಸಿದ್ಧವಾಗಿರುತ್ತದೆ.

ಇನ್ನು 109ನೇ ಕೀರ್ತನೆ. ಇದು ಯಾವುದೋ ಗುಪ್ತ ಮಂತ್ರ ಅಂತ ತಿಳಿಯಬೇಡಿ. ಬೈಬಲ್ಲಿನಲ್ಲೇ ಇದೆ, ಕನ್ನಡ ಬೈಬಲ್ಲಿನಲ್ಲೂ ಇದೆ, ಯಾರು ಬೇಕಾದರೂ ತೆಗೆದು ಓದಬಹುದು. ಸುಳ್ಳು ಆರೋಪಗಳಿಂದ ನೊಂದವನೊಬ್ಬ ದೇವರ ಮುಂದೆ ಗೋಳಾಡುವ ಕೀರ್ತನೆ. ದುಷ್ಟರು ತನ್ನ ಮೇಲೆ ಸುಳ್ಳು ನಾಲಿಗೆಯಿಂದ ಮಾತಾಡಿದರು ಎಂದು ಅವನು ಶುರು ಮಾಡುತ್ತಾನೆ. ವೈರಿಯ ಆಯುಸ್ಸು ಕಮ್ಮಿಯಾಗಲಿ, ಅವನ ಹುದ್ದೆ ಇನ್ನೊಬ್ಬನ ಪಾಲಾಗಲಿ, ಅವನ ಮಕ್ಕಳು ತಂದೆಯಿಲ್ಲದವರಾಗಲಿ ಎಂದು ಶಪಿಸುತ್ತಾನೆ. ಯೇಸುವಿಗೆ ದ್ರೋಹ ಮಾಡಿದ ಯೂದನ ಕತೆಗೆ ಇದನ್ನು ಹೊಂದಿಸುತ್ತಿದ್ದರಿಂದ ಯೂದನ ಕೀರ್ತನೆ ಅಂತಲೂ ಹೆಸರಿತ್ತು. ಕೋರ್ಟಿನಲ್ಲಿ ಸೋತು, ಕಚೇರಿಯಲ್ಲಿ ಬೈಸಿಕೊಂಡು ಬಂದ ಮುದುಕಿಯೊಬ್ಬಳು ರಾತ್ರಿ ಕೂತು ಇದನ್ನು ಓದಿಕೊಂಡರೆ ಅದು ಪ್ರಾರ್ಥನೆಯಾ, ಮಾಟವಾ? ಓದಿದ್ದು ಯಾರು ಅನ್ನುವುದರ ಮೇಲೆ ಉತ್ತರ ಮೊದಲೇ ತೀರ್ಮಾನವಾಗಿತ್ತು.

ಬೆಕ್ಕಿನದೂ ಅದೇ ಕತೆ. ಚಿಮ್ ಅನ್ನುವುದು ಆ ಕಡೆಯ ಆಡುಮಾತಿನಲ್ಲಿ ಯೋವಾಕಿಮ್ ಹೆಸರಿನ ಮೊಟಕು ರೂಪ. ಮನೆಯಲ್ಲಿ ಸುಳಿದಾಡುವ ಪುಟ್ಟ ದೆವ್ವಗಳಿಗೆ ಪೊಮರೇನಿಯಾದ ಜನ ಇಂಥ ಹೆಸರೇ ಹೇಳುತ್ತಿದ್ದರು. ಅಜ್ಜಿಕತೆಯ ಮನೆದೆವ್ವ ಪಂಡಿತರ ಕಡತಕ್ಕೆ ಬಂದ ಕೂಡಲೇ ಸೈತಾನನ ದೂತನಾಯಿತು. ಮೇಲೆ ಹೇಳಿದ ಎರಡು ಭಯಗಳು ಬೆಸೆದುಕೊಳ್ಳುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಪೊರಕೆಯ ಬಗ್ಗೆ ನಾನು ಏನು ಹೇಳಲಿ? ಅಡುಗೆಮನೆಯಲ್ಲಿ ಪೊರಕೆ ಇತ್ತು.

250 ಕಿಲೋಮೀಟರ್ ದೂರದ ಓದುಗರು

1620ರ ಜನವರಿಯಲ್ಲಿ ಸಿಡೋನಿಯಾಳ ವಕೀಲ ಎಲಿಯಾಸ್ ಪೌಲಿ ಲಿಖಿತ ವಾದ ಸಲ್ಲಿಸಿದ. ಸತ್ತವರೆಲ್ಲ ಸಹಜವಾಗಿಯೇ ಸತ್ತರು, ಇವುಗಳಲ್ಲಿ ಮಾಟದ ಮಾತೇ ಇಲ್ಲ ಎಂದು ಅವನ ವಾದ. ಇವತ್ತು ಓದಿದರೆ ಇಷ್ಟು ಸರಳ ಮಾತಿಗೆ ಏನು ಉತ್ತರ ಕೊಟ್ಟಾರು ಅನ್ನಿಸುತ್ತದೆ. ಆದರೆ ಕೇಸು ಮುಂದುವರಿಯಿತು.

ಆ ಕಾಲದ ಜರ್ಮನ್ ನಾಡುಗಳಲ್ಲಿ ಒಂದು ಪದ್ಧತಿ ಇತ್ತು. ಕಷ್ಟದ ಕೇಸಿದ್ದರೆ ಇಡೀ ಕಡತವನ್ನು ಹೆಸರಾಂತ ವಿಶ್ವವಿದ್ಯಾಲಯದ ಕಾನೂನು ವಿಭಾಗಕ್ಕೋ, ದೊಡ್ಡ ಊರಿನ ನ್ಯಾಯಪಂಡಿತರ ಪೀಠಕ್ಕೋ ಕಳಿಸಬೇಕು. ಅವರು ಓದಿ ಅಭಿಪ್ರಾಯ ಬರೆದು ಕಳಿಸುತ್ತಾರೆ. ಊರಿನ ಹಗೆ, ಒತ್ತಡ ಇಲ್ಲದ ಕಣ್ಣು ನೋಡಲಿ ಎಂಬ ಒಳ್ಳೆಯ ಉದ್ದೇಶ. ಹಲವು ಕಡೆ ಇದರಿಂದ ಜೀವಗಳು ಉಳಿದದ್ದೂ ಉಂಟು. ಸಿಡೋನಿಯಾಳ ಕಡತ ಹೋದದ್ದು ಸುಮಾರು 250 ಕಿಲೋಮೀಟರ್ ದೂರದ ಮಾಗ್ಡೆಬರ್ಗ್‌ನ ಪೀಠಕ್ಕೆ. ಅಲ್ಲಿನವರ ಎದುರಿಗೆ ಇದ್ದದ್ದು ಕಾಗದ ಮಾತ್ರ. ಅದನ್ನು ಓದಿ, ಜೂನ್ ಕೊನೆಯಲ್ಲಿ, ಎಪ್ಪತ್ತು ದಾಟಿದ ಹೆಂಗಸಿಗೆ ಚಿತ್ರಹಿಂಸೆ ಕೊಡಬಹುದು ಎಂದು ಬರೆದು ಕಳಿಸಿದರು.

ಜುಲೈ ಕೊನೆಗೆ ಅದನ್ನು ಜಾರಿ ಮಾಡಿದರು. ಸಿಡೋನಿಯಾ ಒಪ್ಪಿಕೊಂಡಳು. ಮರಣದಂಡನೆ ಓದಿದರು. ಆಗ ಆಕೆ ಹೇಳಿದ್ದನ್ನೆಲ್ಲ ಹಿಂದೆ ತೆಗೆದುಕೊಂಡಳು. ಅಷ್ಟೆಲ್ಲ ಆದ ಮೇಲೂ ಆಕೆಯ ಬಾಯಿಂದ ಇಲ್ಲ ಎಂಬ ಮಾತು ಹೊರಟಿತು. ಈ ಸಾಲು ಬರೆಯುವಾಗ ನನಗೆ ಗಂಟಲು ಕಟ್ಟುತ್ತದೆ. ಇಲ್ಲ ಅಂದದ್ದಕ್ಕೆ ಏನಾಗುತ್ತದೆ ಎಂದು ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆಗಸ್ಟ್ ನಡುವಿನಲ್ಲಿ ಎರಡನೇ ಸಲ ಚಿತ್ರಹಿಂಸೆ ಆಯಿತು.

ಸೆಪ್ಟೆಂಬರ್‌ನಲ್ಲಿ ಕೊನೆಯ ತೀರ್ಪು ಬಂತು. ಇಕ್ಕಳದಿಂದ ನಾಲ್ಕು ಸಲ ಮೈ ಕಿತ್ತು ಆಮೇಲೆ ಸುಡಬೇಕು. ಅದನ್ನು ಬದಲಿಸಿ ಮೊದಲು ತಲೆ ಕಡಿದು ಆಮೇಲೆ ಸುಡುವುದಾಯಿತು. ಜೀವಂತ ಸುಡದೆ ಮೊದಲು ಕೊಲ್ಲುವುದನ್ನು ಆಗ ದಯೆ ಎಂದು ಲೆಕ್ಕ ಹಿಡಿಯುತ್ತಿದ್ದರು. ಮರುವರ್ಷ ಡೆನ್ಮಾರ್ಕಿನಲ್ಲಿ ಕ್ರಿಸ್ಟೆನ್ಸೆ ಕ್ರುಕೋ ಎಂಬ ಇನ್ನೊಬ್ಬ ದೊಡ್ಡ ಮನೆತನದ ಹೆಂಗಸಿಗೂ ಮಾಟದ ಆರೋಪದಲ್ಲಿ ಬೆಂಕಿಯ ಬದಲು ಕತ್ತಿಯೇ ಸಿಕ್ಕಿತು. ವೋಲ್ಡೆಯಂಥವರಿಗೆ ಈ ರಿಯಾಯಿತಿ ಇರಲಿಲ್ಲ.

ಅದೇ ತಿಂಗಳು, ಇನ್ನೊಬ್ಬ ಮುದುಕಿ

ಎಲ್ಲರ ಕತೆಯೂ ಹೀಗೇ ಮುಗಿಯಬೇಕಿತ್ತಾ? ಇಲ್ಲ. ಸಿಡೋನಿಯಾಳಿಗೆ ಎರಡನೇ ಸಲ ಹಿಂಸೆ ಕೊಟ್ಟ 1620ರ ಆಗಸ್ಟ್ ತಿಂಗಳಲ್ಲೇ ಜರ್ಮನಿಯ ಇನ್ನೊಂದು ಮೂಲೆ ವುರ್ಟೆಂಬರ್ಗ್‌ನಲ್ಲಿ ಮತ್ತೊಬ್ಬ ಮುದುಕಿಯನ್ನು ಬಂಧಿಸಿದರು. ಹೆಸರು ಕಾಥರೀನಾ. ವಯಸ್ಸು ಆಕೆಗೂ ಎಪ್ಪತ್ತರ ಮೇಲೆ. ನೆರೆಯವಳೊಬ್ಬಳು ಈಕೆ ಕೊಟ್ಟ ಪಾನೀಯ ಕುಡಿದು ತನ್ನ ಆರೋಗ್ಯ ಕೆಟ್ಟಿತು ಎಂದು ದೂರಿದ್ದಳು. ಕಾಥರೀನಾ ದೊಡ್ಡ ಮನೆತನದವಳಲ್ಲ. ಆದರೆ ಆಕೆಯ ಮಗನನ್ನು ನೀವು ಪಿಯುಸಿ ಭೌತಶಾಸ್ತ್ರದಲ್ಲಿ ಓದಿದ್ದೀರಿ. ಗ್ರಹಗಳ ಚಲನೆಯ ಮೂರು ನಿಯಮ ಕೊಟ್ಟ ಯೊಹಾನೆಸ್ ಕೆಪ್ಲರ್.

ಕೆಪ್ಲರ್ ತನ್ನ ಕೆಲಸ ಬಿಟ್ಟು ಆಸ್ಟ್ರಿಯಾದ ಲಿಂಟ್ಸ್‌ನಿಂದ ಬಂದು ತಾಯಿಯ ಪರ ನಿಂತ. ಒಂದೊಂದು ಆರೋಪವನ್ನೂ ಬಿಡಿಸಿ, ಈ ಕಾಯಿಲೆಗೆ ಸಹಜ ಕಾರಣ ಹೀಗಿದೆ, ಈ ಸಾಕ್ಷಿ ಮಾತು ಬದಲಿಸಿದ್ದಾಳೆ ಎಂದು ನೂರಕ್ಕೂ ಹೆಚ್ಚು ಪುಟದ ವಾದ ಕಟ್ಟಿದ. ಕಡತ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಕಾನೂನು ಪಂಡಿತರಿಗೆ ಹೋಯಿತು. ಅವರು ಹಿಂಸೆಗೆ ಒಪ್ಪಲಿಲ್ಲ. ಸಲಕರಣೆಗಳನ್ನು ತೋರಿಸಿ ಹೆದರಿಸಿ ಅಂದರು, ಅಷ್ಟೇ. 1621ರ ಸೆಪ್ಟೆಂಬರ್‌ನಲ್ಲಿ ತೋರಿಸಿದರು. ಆ ಮುದುಕಿ ಒಪ್ಪಿಕೊಳ್ಳಲಿಲ್ಲ. ಬಿಟ್ಟುಬಿಟ್ಟರು. 14 ತಿಂಗಳು ಸೆರೆಯಲ್ಲಿದ್ದು ಹೊರಬಂದ ಆಕೆ ಮರುವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡಳು.

ಅದೇ ದಂಡಸಂಹಿತೆ, ಅದೇ ಲೂಥರನ ಪಂಥ, ಅದೇ ವಯಸ್ಸು. ಎಲ್ಲಿ ಬೇರೆಯಾಯಿತು? ಟ್ಯೂಬಿಂಗನ್‌ನವರು ಒಂದು ಮೆಟ್ಟಿಲು ಮುಂಚೆ ನಿಂತರು, ಮಾಗ್ಡೆಬರ್ಗ್‌ನವರು ನಿಲ್ಲಲಿಲ್ಲ. ಇನ್ನೊಂದೂ ಇದೆ. ಕಾಥರೀನಾಳ ಬೆನ್ನಿಗೆ ಹೆಸರಾಂತ ಮಗನಿದ್ದ. ಸಿಡೋನಿಯಾಳ ಎದುರಿಗೆ ನೆಂಟನೇ ಇದ್ದ. ಸ್ಟೆಟಿನ್‌ನ ಅರಮನೆಯೂ ಹೆದರಿತ್ತು. 1617ರಲ್ಲಿ ಡ್ಯೂಕ್‌ನ ಒಬ್ಬ ತಮ್ಮ ಜಾರ್ಜ್ ಸತ್ತ, 1618ರಲ್ಲಿ ಡ್ಯೂಕ್ ಫಿಲಿಪ್ ಸತ್ತ, 44 ವರ್ಷಕ್ಕೆ, ಮಕ್ಕಳಿಲ್ಲದೆ. ಮನೆತನ ಕರಗುತ್ತಿತ್ತು. ಹೊರಗೆ ಮೂವತ್ತು ವರ್ಷಗಳ ಯುದ್ಧ ಶುರುವಾಗಿತ್ತು. ಕೊರೆಯುವ ಚಳಿಗಾಲಗಳು, ಕೆಟ್ಟ ಬೆಳೆಗಳ ಕಾಲವೂ ಅದೇ. ಇಂಥ ಹೊತ್ತಲ್ಲಿ ಇದಕ್ಕೆಲ್ಲ ಯಾರೋ ಕಾರಣ ಇರಬೇಕು ಎಂಬ ಮಾತು ಬೇಗ ನಾಟುತ್ತದೆ.

ಶಾಪದ ಕತೆ

ಸಿಡೋನಿಯಾಳನ್ನು ಕೊಂದ ವರ್ಷವೇ, ನವೆಂಬರ್‌ನಲ್ಲಿ, ಡ್ಯೂಕ್ ಫ್ರಾನ್ಸ್ ಸತ್ತ. 1622ರಲ್ಲಿ ಅವನ ತಮ್ಮ ಉಲ್ರಿಕ್. 1637ರಲ್ಲಿ ಕೊನೆಯವನಾದ ಹದಿನಾಲ್ಕನೇ ಬೊಗಿಸ್ಲಾವ್. ಒಬ್ಬನಿಗೂ ಮಕ್ಕಳಿರಲಿಲ್ಲ. ಶತಮಾನಗಳ ಕಾಲ ಆಳಿದ ಗ್ರಿಫಿನ್ ವಂಶ ಅಲ್ಲಿಗೆ ಮುಗಿಯಿತು. ಪೊಮರೇನಿಯಾವನ್ನು ಸ್ವೀಡನ್, ಬ್ರಾಂಡೆನ್‌ಬರ್ಗ್ ಹಂಚಿಕೊಂಡವು. ಆ ಹಂಚಿಕೆಯ ಗದ್ದಲದಲ್ಲಿ ಬೊಗಿಸ್ಲಾವ್‌ನ ಶವವನ್ನು ಹೂಳಿದ್ದು 1654ರಲ್ಲಿ, ಸತ್ತು 17 ವರ್ಷದ ಮೇಲೆ.

ಜನರಿಗೆ ಇಷ್ಟು ಸಾಕಾಯಿತು. ಸಿಡೋನಿಯಾ ಶಾಪ ಕೊಟ್ಟಳು, ವಂಶ ನಿರ್ವಂಶವಾಯಿತು. ಯಾಕೆ ಕೊಟ್ಟಳು? ಅದಕ್ಕೂ ಒಂದು ಕತೆ ಹುಟ್ಟಿತು. ಹರೆಯದಲ್ಲಿ ಆಕೆ ಬಲು ಚೆಲುವೆ, ಡ್ಯೂಕ್ ಅರ್ನ್‌ಸ್ಟ್ ಲುಡ್ವಿಗ್ ಮದುವೆಯಾಗುತ್ತೇನೆ ಅಂದು ಕೈಬಿಟ್ಟ, ಅದರ ಸೇಡು ಇದು. ಜೀವನಾಂಶಕ್ಕಾಗಿ ಹೋರಾಡಿದ ಹೆಂಗಸು ಜನರ ಬಾಯಲ್ಲಿ ಪ್ರೇಮಭಂಗವಾದ ಚೆಲುವೆಯಾದಳು. ಲೆಕ್ಕಪತ್ರ, ದಾವೆ, ಮಠದ ಆದಾಯ, ಇವು ಯಾವುವೂ ಕತೆಗೆ ಬೇಕಾಗಲಿಲ್ಲ.

19ನೇ ಶತಮಾನದಲ್ಲಿ ಪಾದ್ರಿ ವಿಲ್ಹೆಲ್ಮ್ ಮೈನ್‌ಹೋಲ್ಡ್ ಈ ಕತೆಯನ್ನು ಕಾದಂಬರಿ ಮಾಡಿದ. ಸಾಹಿತಿ ಆಸ್ಕರ್ ವೈಲ್ಡ್‌ನ ತಾಯಿ ಜೇನ್ ಅದನ್ನು ಇಂಗ್ಲಿಷಿಗೆ ತಂದಳು. ಅದನ್ನು ಓದಿದ ಚಿತ್ರಕಾರ ಎಡ್ವರ್ಡ್ ಬರ್ನ್ ಜೋನ್ಸ್ 1860ರಲ್ಲಿ ಜಲವರ್ಣದ ಒಂದು ಚಿತ್ರ ಬರೆದ. ಅದು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಇವತ್ತು ಸಿಡೋನಿಯಾ ಅಂದ ಕೂಡಲೇ ಜಗತ್ತಿಗೆ ನೆನಪಾಗುವುದು ಆ ಚಿತ್ರ. ತರುಣಿಯೊಬ್ಬಳು ಓರೆಗಣ್ಣಿನಿಂದ ಹಿಂದಕ್ಕೆ ನೋಡುತ್ತಿದ್ದಾಳೆ. ಬಿಳಿ ಉಡುಗೆಯ ತುಂಬ ಕಪ್ಪು ಪಟ್ಟಿಗಳು ಹಾವಿನ ಹಾಗೆ ಹೆಣೆದುಕೊಂಡಿವೆ. ಆ ಉಡುಗೆ, ಇಟಲಿಯ ರಾಣಿವಾಸದ ಇಸಬೆಲ್ಲಾ ದೆಸ್ತೆಯದು ಎಂದು ಆಗ ನಂಬಿದ್ದ ಒಂದು ಹಳೇ ಭಾವಚಿತ್ರದಿಂದ ತೆಗೆದುಕೊಂಡಿದ್ದು. ಚಿತ್ರದ ಹೆಸರಿನಲ್ಲಿ 1560 ಎಂಬ ಇಸವಿ ಇದೆ. ಆ ವರ್ಷ ನಿಜವಾದ ಸಿಡೋನಿಯಾಳಿಗೆ 12 ವರ್ಷ.